ಕೈಗೆ ಸಿಗದ ಪಕ್ ಮತ್ತು ಸೈಲೆನ್ಸರ್‌ನ ಲೆಕ್ಕ

ಡೋಟಾ 2 ಎಂಬ ಕಂಪ್ಯೂಟರ್ ಆಟ ಆಡುವವರಿಗೆ ಪಕ್ ಎಂಬ ಹೀರೋವನ್ನು, ಅಂದರೆ ಆಟಗಾರ ನಡೆಸುವ ಪಾತ್ರವನ್ನು, ಪರಿಚಯಿಸಬೇಕಾಗಿಲ್ಲ. ಆಡದವರಿಗಾಗಿ ಎರಡು ಮಾತು. ತಲಾ ಐವರ ಎರಡು ತಂಡಗಳು ಲೇನ್ ಎಂಬ ಮೂರು ದಾರಿಗಳಲ್ಲಿ ಸೆಣಸಿ, ಎದುರಾಳಿಯ ನೆಲೆಯಲ್ಲಿರುವ ಏನ್ಶಂಟ್ ಎಂಬ ಕಟ್ಟಡವನ್ನು ಕೆಡಹುವುದು ಈ ಆಟದ ಗುರಿ. ಪಕ್ ಇದರಲ್ಲಿ ರೆಕ್ಕೆಯುಳ್ಳ ಒಂದು ಪುಟ್ಟ ಡ್ರ್ಯಾಗನ್. ನಾಲ್ಕು ಪೆಟ್ಟು ತಾಳುವ ಮೈಯಲ್ಲ, ಆದರೆ ಆ ನಾಲ್ಕು ಪೆಟ್ಟು ಹಾಕಲು ಅವನು ಕೈಗೆ ಸಿಗಬೇಕಲ್ಲ. ಇಲ್ಯೂಸರಿ ಆರ್ಬ್ ಎಂಬ ಬೆಳಕಿನ ಗೋಳವನ್ನು ತೇಲಿಬಿಟ್ಟು, ಅದು ಸಾಗುತ್ತಿರುವಾಗ ತನಗೆ ಬೇಕೆನಿಸಿದ ಕ್ಷಣದಲ್ಲಿ ಅದರ ಜಾಗಕ್ಕೆ ಜಿಗಿಯುತ್ತಾನೆ. ಫೇಸ್ ಶಿಫ್ಟ್ ಒತ್ತಿದರೆ ಕೆಲವು ಕ್ಷಣ ಲೋಕದಿಂದಲೇ ಮಾಯವಾಗುತ್ತಾನೆ. ಆ ಹೊತ್ತಿನಲ್ಲಿ ಅವನತ್ತ ಹಾರಿ ಬಂದ ಬಾಣ, ಗುಂಡು, ಮಂತ್ರ ಎಲ್ಲವೂ ವ್ಯರ್ಥ.

ಕಳೆದ ಆಟಿ ತಿಂಗಳ ಒಂದು ರಾತ್ರಿ ಇಂಥ ಪಕ್ ಒಬ್ಬ ನಮಗೆ ಗಂಟುಬಿದ್ದ. ನಾನು ಕುಂಜಿಬೆಟ್ಟಿನ ಮನೆಯಲ್ಲಿ, ಮಿಡ್ ಎಂಬ ನಡುವಿನ ಲೇನ್‌ನಲ್ಲಿ ಸ್ನೈಪರ್ ಎಂಬ ಬಂದೂಕಿನ ಹೀರೋ ಆಡುತ್ತಿದ್ದ ಗೆಳೆಯ ಸುರತ್ಕಲ್ಲಿನಲ್ಲಿ, ಆ್ಯಕ್ಸ್ ಎಂಬ ಹೀರೋ ಹಿಡಿದವನು ಮಣಿಪಾಲದ ಹಾಸ್ಟೆಲಿನಲ್ಲಿ, ಉಳಿದಿಬ್ಬರು ಅಪರಿಚಿತರು. ಹೊರಗೆ ಮಳೆ ಹೊಡೆಯುತ್ತಿತ್ತು, ಕರೆಂಟು ಹೋಗಿತ್ತು, ಕಂಪ್ಯೂಟರ್ ಮತ್ತು ಮೋಡೆಮ್ ಎರಡೂ ಇನ್ವರ್ಟರ್ ಮೇಲೆ ನಡೆಯುತ್ತಿದ್ದವು. ನಾನು ಆರಿಸಿಕೊಂಡದ್ದು ಸೈಲೆನ್ಸರ್ ಎಂಬ ಸಪೋರ್ಟ್ ಹೀರೋವನ್ನು, ಅಂದರೆ ತಂಡದವರಿಗೆ ನೆರವಾಗುವವನನ್ನು.

ಪಕ್ ಎದುರಿಗಿರುವಾಗ ಸ್ನೈಪರ್ ಒಳ್ಳೆಯ ಆಯ್ಕೆಯಲ್ಲ. ಅವನ ದೊಡ್ಡ ಅಸ್ತ್ರವಾದ ಅಸಾಸಿನೇಟ್, ಗುರಿ ಹಿಡಿದು ದೂರದಿಂದ ಬಿಡುವ ಒಂದೇ ಒಂದು ಗುಂಡು. ಗುರಿ ಹಿಡಿಯಲು ಹೊತ್ತು ಬೇಕು, ಗುಂಡು ಹಾರಿಬರಲು ಇನ್ನಷ್ಟು ಹೊತ್ತು ಬೇಕು, ಫೇಸ್ ಶಿಫ್ಟ್‌ಗೆ ಬೆರಳೊಂದು ಅಲುಗಿದರೆ ಸಾಕು. ಹೆಡ್‌ಫೋನಿನಲ್ಲಿ ಗೆಳೆಯನ ಗೋಳು ನಿಲ್ಲಲೇ ಇಲ್ಲ: "ಎಂತ ಮಾರಾಯ ಇದು, ಗುಂಡು ಬಿಟ್ಟದ್ದೇ ಮಾಯ ಆಗ್ತಾನಲ್ಲ! ನೀನೊಮ್ಮೆ ಮಿಡ್‌ಗೆ ಬಾ."

ಹೋದೆ. ಆದರೆ ಹೋದ ಕೂಡಲೇ ಏನನ್ನೂ ಮಾಡದೆ ಮರಗಳ ಹಿಂದೆ ನಿಂತು ಪಕ್ ಹಿಡಿದವನ ಆಟವನ್ನು ನೋಡಿದೆ. ಒಳ್ಳೆಯ ಆಟಗಾರನೇ, ಸಂಶಯವಿಲ್ಲ. ಆದರೆ ಒಳ್ಳೆಯ ಆಟಗಾರನಿಗೂ ಒಂದು ರೂಢಿ ಇರುತ್ತದೆ. ಇವನು ಆರ್ಬ್ ಬಿಟ್ಟು, ಅದರೊಂದಿಗೆ ಸ್ನೈಪರ್‌ನ ಮೈಮೇಲೆ ಜಿಗಿದು, ವೇನಿಂಗ್ ರಿಫ್ಟ್‌ನಿಂದ ಅವನ ಬಾಯಿ ಕಟ್ಟಿ (ಅಂದರೆ ಸ್ವಲ್ಪ ಹೊತ್ತು ಸ್ಪೆಲ್, ಅಂದರೆ ಮಂತ್ರ, ಪ್ರಯೋಗಿಸದಂತೆ ಮಾಡಿ), ಎರಡು ಪೆಟ್ಟು ಹಾಕಿ, ಪ್ರತಿದಾಳಿ ಬರುವ ಹೊತ್ತಿಗೆ ಫೇಸ್ ಶಿಫ್ಟ್‌ನಲ್ಲಿ ಅಡಗಿ, ಆಮೇಲೆ ನಡೆದುಕೊಂಡೇ ಹಿಂದೆ ಸರಿಯುತ್ತಿದ್ದ. ಅಂದರೆ ಜಿಗಿಯುವುದಕ್ಕೇ ಆರ್ಬ್ ಖರ್ಚಾಗುತ್ತಿತ್ತು. ಓಡಿಹೋಗಲು ಉಳಿಯುತ್ತಿದ್ದದ್ದು ಫೇಸ್ ಶಿಫ್ಟ್ ಒಂದೇ. ಕಬಡ್ಡಿಯಲ್ಲಿ ರೈಡರ್ ಗೆರೆಯ ಬಳಿ ಇರುವಾಗ ಯಾರೂ ಅವನ ಕಾಲಿಗೆ ಬೀಳುವುದಿಲ್ಲ, ಒಳಕ್ಕೆ ಬಂದ ಮೇಲೆ ಹಿಂದಿನ ದಾರಿ ಮುಚ್ಚುತ್ತಾರೆ. ಇಲ್ಲಿಯೂ ಅದೇ ಲೆಕ್ಕ: ಅವನು ಖರ್ಚು ಮಾಡುವವರೆಗೆ ನಾವು ಖರ್ಚು ಮಾಡಬಾರದು.

ಸೈಲೆನ್ಸರ್‌ನ ಲಾಸ್ಟ್ ವರ್ಡ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಸ್ಪೆಲ್. ಅದು ಹಾರಿಬರುವಂಥದ್ದಲ್ಲ, ಬಿಟ್ಟ ಕ್ಷಣವೇ ಎದುರಾಳಿಗೆ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ಅವನು ಯಾವುದಾದರೂ ಸ್ಪೆಲ್ ಪ್ರಯೋಗಿಸಿದರೆ ಆಗಲೇ ಪೆಟ್ಟು ಬಿದ್ದು ಬಾಯಿ ಕಟ್ಟುತ್ತದೆ; ಏನೂ ಮಾಡದೆ ಸುಮ್ಮನಿದ್ದರೆ ಅವಧಿ ಮುಗಿದಾಗ ಕಟ್ಟುತ್ತದೆ. ಪಕ್‌ನಂಥ ಚಡಪಡಿಕೆಯ ಹೀರೋಗೆ ಇದಕ್ಕಿಂತ ಕಿರಿಕಿರಿ ಬೇರೊಂದಿಲ್ಲ. ಅವನು ಮುಂದಿನ ಸಲ ಜಿಗಿದಾಗ, ಆರ್ಬ್ ಮತ್ತು ರಿಫ್ಟ್ ಎರಡೂ ಮುಗಿಯುವವರೆಗೆ ಕಾದು, ಲಾಸ್ಟ್ ವರ್ಡ್ ಹಾಕಿದೆ. ಆಗ ಅವನು ಒಂದು ಕ್ಷಣ ನಿಂತದ್ದು ಪರದೆಯಲ್ಲಿ ಸ್ಪಷ್ಟವಾಗಿ ಕಂಡಿತು. ಒತ್ತಲೋ ಬೇಡವೋ ಎಂಬ ಅನುಮಾನ. ಆ ಅನುಮಾನವೇ ನಮಗೆ ಸಾಕಾಯಿತು. ಸ್ನೈಪರ್‌ನ ಗುಂಡು ಆ ರಾತ್ರಿ ಮೊದಲ ಬಾರಿಗೆ ಗುರಿ ಮುಟ್ಟಿತು, ಹೆಡ್‌ಫೋನಿನಲ್ಲಿ ಕೇಳಿದ ಕೂಗಿಗೆ ಅವನ ಮನೆಯವರು ಎದ್ದಿರಲೇಬೇಕು.

ಅಷ್ಟಕ್ಕೆ ಸೋಲುವ ಪೈಕಿ ಆ ಪಕ್ ಅಲ್ಲ. ಕ್ಷಣದಲ್ಲಿ ಬೇರೆಡೆಗೆ ಜಿಗಿಸುವ ಬ್ಲಿಂಕ್ ಡ್ಯಾಗರ್ ಎಂಬ ಐಟಮ್ಮನ್ನು, ಅಂದರೆ ಆಟದೊಳಗಿನ ಹಣಕ್ಕೆ ಸಿಗುವ ವಸ್ತುವನ್ನು, ಕೊಂಡುಕೊಂಡು ಬಂದ. ಈಗ ಜಿಗಿಯಲು ಬ್ಲಿಂಕ್, ಓಡಲು ಆರ್ಬ್. ನಮ್ಮ ಹಳೆಯ ಲೆಕ್ಕ ತಲೆಕೆಳಗಾಯಿತು. ಆದರೆ ಬ್ಲಿಂಕ್‌ಗೊಂದು ಶರತ್ತು ಉಂಟು: ಎದುರಾಳಿ ಹೀರೋನಿಂದ ಪೆಟ್ಟು ತಿಂದರೆ ಅದು ಮೂರು ಸೆಕೆಂಡು ಕೆಲಸ ಮಾಡುವುದಿಲ್ಲ. ನನ್ನ ಆರ್ಕೇನ್ ಕರ್ಸ್ ಮತ್ತು ಆ್ಯಕ್ಸ್‌ನ ಬ್ಯಾಟಲ್ ಹಂಗರ್ ಎರಡೂ ಒಮ್ಮೆ ತಗುಲಿದರೆ ಬಿಡದೆ ಸ್ವಲ್ಪ ಸ್ವಲ್ಪವೇ ಸುಡುವಂಥವು. ಪೆಟ್ಟಿನ ಪ್ರಮಾಣ ಇಲ್ಲಿ ಮುಖ್ಯವಲ್ಲ, ಡ್ಯಾಗರ್‌ಗೆ ಬೀಗ ಬಿದ್ದಿರುವುದು ಮುಖ್ಯ. ಇನ್ನು ಆರ್ಬ್ ಹೋಗುವುದು ನೇರ ಗೆರೆಯಲ್ಲಿ, ಒಂದೇ ವೇಗದಲ್ಲಿ. ಆ್ಯಕ್ಸ್‌ಗೆ "ಅವನ ಹಿಂದೆ ಓಡಬೇಡ, ಗೋಳ ಹೋಗುವ ಕಡೆಗೆ ಓಡು" ಎಂದೆ. ಅವನು "ಆಯ್ತು" ಎಂದಷ್ಟೇ ಹೇಳಿ, ನದಿಯ ಮೇಲಿನ ದಿಣ್ಣೆಯಲ್ಲಿ ನಾನು ಇಟ್ಟಿದ್ದ, ಸುತ್ತಲಿನ ಜಾಗವನ್ನು ತಂಡಕ್ಕೆ ಕಾಣಿಸುವ ವಾರ್ಡ್‌ನ ಬೆಳಕಿನಲ್ಲಿ ಪಕ್ ಬರುವುದನ್ನು ಕಾದು ಕುಳಿತ. ಆರು ನಿಮಿಷ ಬಾಳುವ ಆ ವಾರ್ಡ್ ಆಟದ ಅತ್ಯಂತ ಅಗ್ಗದ ಆಯುಧ, ಅದನ್ನು ಇಡಲು ಹೇಳಿದರೆ ಮುಖ ತಿರುಗಿಸುವವರೇ ಹೆಚ್ಚು.

ಇದಕ್ಕೂ ಪಕ್ ಬಳಿ ಉತ್ತರವಿತ್ತು: ಯೂಲ್ಸ್ ಸೆಪ್ಟರ್ ಎಂಬ ಐಟಮ್. ಬಾಯಿ ಕಟ್ಟಿದ್ದರೂ ಐಟಮ್ ಬಳಸಲು ಅಡ್ಡಿಯಿಲ್ಲವಾದ್ದರಿಂದ, ತನ್ನನ್ನೇ ಸುಂಟರಗಾಳಿಯಲ್ಲಿ ಎತ್ತಿಕೊಂಡು, ನಾವು ಅಂಟಿಸಿದ್ದನ್ನೆಲ್ಲ ತೊಳೆದುಕೊಂಡು ಇಳಿಯುತ್ತಿದ್ದ. ಇಳಿಯುವುದು ಮಾತ್ರ ಹಾರಿದ ಜಾಗದಲ್ಲಿಯೇ. ಹಾಗಾಗಿ ನಾನು ಸೈಥ್ ಆಫ್ ವೈಸ್‌ಗೆ ಹಣ ಕೂಡಿಡತೊಡಗಿದೆ. ಎದುರಾಳಿಯನ್ನು ಕೆಲವು ಕ್ಷಣ ಪುಟ್ಟ ಪ್ರಾಣಿಯಾಗಿಸುವ, ಸ್ಪೆಲ್ ಮತ್ತು ಐಟಮ್ ಎರಡನ್ನೂ ಕಟ್ಟಿಹಾಕುವ ಆ ಐಟಮ್ ಸಪೋರ್ಟ್‌ನ ಜೇಬಿಗೆ ದುಬಾರಿ. ಗೆಳೆಯನ ಪಾಲಿನ ಕ್ರೀಪ್‌ಗಳನ್ನು (ಕೊಂದರೆ ಹಣ ಕೊಡುವ, ಕಂಪ್ಯೂಟರೇ ನಡೆಸುವ ಪುಟ್ಟ ಸೈನಿಕರನ್ನು) ನಾನು ಕೊಂದದ್ದಕ್ಕೆ ಅವನ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಸುಂಟರಗಾಳಿಯ ಕೆಳಗೆ ನಿಂತು, ಪಕ್ ನೆಲ ಮುಟ್ಟುತ್ತಿದ್ದಂತೆ ಆ ಐಟಮ್‌ನ ಹೆಕ್ಸ್ ಹಾಕಿದಾಗ, ಮಾಯ ಮಾಡಲು ಅವನ ಬಳಿ ಏನೂ ಉಳಿದಿರಲಿಲ್ಲ. ಆ ಕಾಳಗದ ನಂತರ ಅವರ ನೆಲೆಗೆ ನುಗ್ಗಲು ನಮಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಆಟ ಮುಗಿದ ಮೇಲೆ ಅವನ ಐಟಮ್‌ಗಳ ಪಟ್ಟಿ ನೋಡಿದೆವು. ಲಿಂಕೆನ್ಸ್ ಸ್ಫಿಯರ್‌ನ ಅರ್ಧ ಭಾಗಗಳು ಆಗಲೇ ಚೀಲದಲ್ಲಿದ್ದವು. ತನ್ನ ಮೇಲೆ ನೇರವಾಗಿ ಗುರಿಯಿಟ್ಟು ಬಿಟ್ಟ ಒಂದು ಸ್ಪೆಲ್ಲನ್ನು ತಡೆಯುವ ಐಟಮ್ ಅದು. ಅದು ಪೂರ್ತಿಯಾಗಿದ್ದರೆ ನನ್ನ ಲಾಸ್ಟ್ ವರ್ಡ್ ಆಗಲಿ, ಹೆಕ್ಸ್ ಆಗಲಿ ಮೊದಲ ಏಟಿಗೆ ತಾಗುತ್ತಿರಲಿಲ್ಲ. ಮೊದಲು ಬ್ಯಾಟಲ್ ಹಂಗರ್ ಎಸೆದು ಆ ತಡೆಯನ್ನು ಒಡೆಯುವವನು ಆ್ಯಕ್ಸ್ ಆಗಬೇಕಿತ್ತು. ಅವನು ಅದನ್ನು ಆ ಗಡಿಬಿಡಿಯಲ್ಲಿ ನೆನಪಿಟ್ಟು ಮಾಡುತ್ತಿದ್ದನೇ ಎಂಬ ವಾದ ಇನ್ವರ್ಟರ್ ಕೂಗುವವರೆಗೂ ನಡೆಯಿತು.