ಹೆಂಡತಿಯನ್ನು ಬಹುವಚನದಲ್ಲಿ ಮಾತನಾಡಿಸಿದವರು

ಆಕ್ಯುಪೇಷನಲ್ ಥೆರಪಿಸ್ಟ್ ಆಗಿ, ಎಂದರೆ ಕಾಯಿಲೆಬಿದ್ದವರಿಗೆ ದಿನನಿತ್ಯದ ಬದುಕನ್ನು ಮತ್ತೆ ರೂಢಿಸುವವನಾಗಿ, ಕೆಲಸಕ್ಕೆ ಸೇರಿದ ಹೊಸದು. ಪಾರ್ಶ್ವವಾಯುವಿನಿಂದ ಮಿದುಳಿನ ಹಿಂಭಾಗದ ಎರಡೂ ಬದಿಗೆ ಪೆಟ್ಟಾಗಿದ್ದ ಹಿರಿಯರೊಬ್ಬರು ನನ್ನ ಪಾಲಿಗೆ ಬಂದರು. ಮದುವೆಯಾದ ವರ್ಷ, ತೋಟದ ಲೆಕ್ಕ, ಮೊಮ್ಮಕ್ಕಳ ಹೆಸರು ಎಲ್ಲವೂ ನೆನಪಿತ್ತು. ಆದರೆ ಹೆಂಡತಿ ಊಟದ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತಾಗ, “ನಿಮಗೆ ಯಾರು ಬೇಕಾಗಿತ್ತು ತಾಯಿ?” ಎಂದು ಕೇಳಿದರು.

“ನಾನು ರೀ, ಊಟ ತಂದಿದ್ದೇನೆ.”

“ಓ, ನೀನಾ! ಬಿಸಿಲಲ್ಲಿ ಯಾಕೆ ಬಂದೆ?”

ದನಿ ಕಿವಿಗೆ ಬಿದ್ದದ್ದೇ ತಡ, ಬಹುವಚನ ಏಕವಚನವಾಗಿತ್ತು.

ಆ ಒಂದು ಮಾತಿನಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಆದರೂ ನಾನು ಮಾಡಿದ್ದೇ ಬೇರೆ. ದಿನವೂ ಮದುವೆಯ ಆಲ್ಬಂ ತೆರೆದು “ಇವರು ಯಾರು, ಹೇಳಿ ನೋಡೋಣ” ಎಂದು ಕೂರುತ್ತಿದ್ದೆ. ನನ್ನನ್ನು ನೋಡಿ ನೆಂಟರೂ ಮಂಚದ ಮುಂದೆ ನಿಂತು “ನಾನು ಯಾರು, ಗೊತ್ತಾಯಿತೇ?” ಎನ್ನತೊಡಗಿದರು. ಆ ಹಿರಿಯರು ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಕಡತದಲ್ಲಿ ‘ಸಹಕರಿಸುತ್ತಿಲ್ಲ’ ಎಂದು ಬರೆದೆ. ಆ ಒಂದು ಪದಕ್ಕಾಗಿ ಇಂದಿಗೂ ನೋಯುತ್ತೇನೆ.

ಮುಖ ನೋಡಿ ಗುರುತು ಹಿಡಿಯಲಾಗದ ಈ ಸ್ಥಿತಿಗೆ ಪ್ರೊಸೊಪಾಗ್ನೋಸಿಯಾ ಎಂದು ಹೆಸರು. 1947ರಲ್ಲಿ ಹೆಸರಿಟ್ಟವರು ಜರ್ಮನಿಯ ವೈದ್ಯ ಯೋಆಖಿಮ್ ಬೋಡಮರ್. ಕನ್ನಡದಲ್ಲಿ ‘ಮುಖಗುರುಡು’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಹೆಂಡತಿಯ ಹುಬ್ಬು, ಮೂಗುತಿ, ಕುಂಕುಮ ಎಲ್ಲವೂ ಆ ಹಿರಿಯರಿಗೆ ಕಾಣುತ್ತಿತ್ತು. ಎಲ್ಲ ಸೇರಿ ‘ಇವಳು’ ಆಗುತ್ತಿರಲಿಲ್ಲ. ಮಿದುಳಿನ ತಳಭಾಗದ ಫ್ಯೂಸಿಫಾರ್ಮ್ ಮಡಿಕೆ, ಅದರಲ್ಲೂ ಬಲಬದಿಯದು, ಮುಖದ ಗುರುತಿಗೆ ಮುಖ್ಯ. ದನಿಯ ದಾರಿ ಬೇರೆ.

ಹಿರಿಯ ಸಹೋದ್ಯೋಗಿಯೊಬ್ಬರು ಆಲ್ಬಂ ಎತ್ತಿಡಿಸಿ, ಮಂಚದ ಬಳಿ ಒಂದು ಚೀಟಿ ಅಂಟಿಸಿದರು: ‘ಬಂದವರು ಮೊದಲು ನಿಮ್ಮ ಹೆಸರು ಹೇಳಿ.’ ಸದ್ದಿನಿಂದಲೇ ಗುರುತು ಸಿಗಲೆಂದು ಹೆಂಡತಿ ಗಾಜಿನ ಬಳೆ ತೊಟ್ಟು ಬರತೊಡಗಿದರು. ಮುದುಕರು ಗೋಡೆಯಿಂದ ಈಚೆ ಹೊರಳಿದರು.

ಮಗನಿಗೆ ಮಾತ್ರ ಸಮಾಧಾನವಿರಲಿಲ್ಲ. “ಸಾಕಿದ ಮಗನ ಮುಖವೇ ಮರೆತುಹೋಯಿತೇ ಸರ್?” ಎಂದ. 1985ರಲ್ಲಿ ಮಿದುಳು ಸಂಶೋಧಕರಾದ ಟ್ರಾನೆಲ್ ಮತ್ತು ಡಮಾಸಿಯೊ ಪ್ರಕಟಿಸಿದ ಪರೀಕ್ಷೆಯ ಬಗ್ಗೆ ಹೇಳಿದೆ: ಇಂಥ ರೋಗಿಗಳಿಗೆ ಪರಿಚಿತರ ಚಿತ್ರ ತೋರಿಸಿದಾಗ ಬಾಯಿ ‘ಗೊತ್ತಿಲ್ಲ’ ಎಂದರೂ ಚರ್ಮದ ವಿದ್ಯುತ್ ಸ್ಪಂದನ, ಮನಸ್ಸು ಮಿಡಿದಾಗ ಬೆವರಿನಿಂದ ಆಗುವ ಬದಲಾವಣೆ, ಏರಿತ್ತು. ಅವನು ಏನೂ ಹೇಳಲಿಲ್ಲ. ಒಳಗೆ ಹೋಗಿ ಅಪ್ಪನ ಅಂಗೈಯಲ್ಲಿ ತನ್ನ ಕೈ ಇಟ್ಟ. ಮುದುಕರ ಹೆಬ್ಬೆರಳು ತಡವುತ್ತಾ ಹೋಗಿ, ತೋರುಬೆರಳಿನ ಹಳೆಯ ಗಾಯದ ಕಲೆಯ ಮೇಲೆ ನಿಂತಿತು.

“ಕುಡುಗೋಲು ಮುಟ್ಟಬೇಡ ಎಂದರೆ ಕೇಳಿದೆಯಾ ನೀನು?” ಎಂದರು.