ಚೆನ್ನಾಗಿರೋ ಜಾಗ ಯಾಕಪ್ಪ ಕೊಯ್ತೀಯ?

ನಮ್ಮತ್ತೆ ಡಾಕ್ಟ್ರಿಗೆ ಕೇಳಿದ ಈ ಪ್ರಶ್ನೆ ವಾರ ಪೂರ್ತಿ ತಲೇಲಿ ಓಡ್ತಾ ಇದೆ. ಬಾಯಿಹುಣ್ಣು ತೋರ್ಸೋಕೆ ಹೋದ್ರೆ ಅವ್ರು ಹುಣ್ಣು ಬಿಟ್ಟು ಅದರ ಪಕ್ಕದಲ್ಲೇ ಕೆನ್ನೆ ಒಳಗಡೆ ಏನೂ ಆಗದೇ ಇರೋ ಕಡೆ ಚೂರು ತೆಗೀತೀನಿ ಅಂದ್ರು, ಅತ್ತೆ ಬಿಡ್ತಾರಾ, "ಹುಣ್ಣಿರೋದು ಇಲ್ಲಿ, ಚೆನ್ನಾಗಿರೋ ಜಾಗ ಯಾಕಪ್ಪ ಕೊಯ್ತೀಯ?" "ಅಮ್ಮಾ, ಹುಣ್ಣಾದ ಕಡೆ ಮೇಲ್ಪದರಾನೇ ಕಿತ್ತೋಗಿದೆ, ನೋಡೋಕೆ ಏನೂ ಉಳಿದಿಲ್ಲ. ನೀವು ಚೆನ್ನಾಗಿದೆ ಅಂತೀರಲ್ಲ, ಕಾಯಿಲೆ ಸಿಗೋದು ಅಲ್ಲೇ" ಅಂದ ಆ ಹುಡುಗ ಡಾಕ್ಟ್ರು. ಪುಣ್ಯಾತ್ಮ, ಸಿಡುಕ್ಲಿಲ್ಲ.

ತೆಗೆದಿದ್ದು ಎರಡು ಚೂರು. ಒಂದು ಫಾರ್ಮಲಿನ್‌ಗೆ, ಅಂದ್ರೆ ಚೂರು ಕೆಡದಂಗೆ ಇಡೋ ದ್ರಾವಣಕ್ಕೆ, ಇನ್ನೊಂದನ್ನ ಅದಕ್ಕೆ ಹಾಕೋಹಂಗಿಲ್ವಂತೆ, ಹೊಳೆಯೋ ಬಣ್ಣ ಹಾಕಿ ನೋಡೋ ಇಮ್ಯುನೊಫ್ಲೋರೆಸೆನ್ಸ್ ಟೆಸ್ಟ್ ಕೆಟ್ಟೋಗುತ್ತಂತೆ, ಅದಕ್ಕೆ ಬೇರೆ ಬಾಟ್ಲಿ.

ರಿಪೋರ್ಟಲ್ಲಿ ಪೆಂಫಿಗಸ್ ವಲ್ಗ್ಯಾರಿಸ್ ಅಂತ ಬಂತು. ಬಾಯೊಳಗಿನ ಜೀವಕೋಶಗಳನ್ನ ಗೋಂದಿನ ಥರ ಹಿಡಿದಿಡೋ ಡೆಸ್ಮೊಗ್ಲೀನ್ 3 ಅನ್ನೋ ಪ್ರೋಟೀನ್ ಮೇಲೆ ರೋಗಾಣು ಜೊತೆ ಹೋರಾಡ್ಬೇಕಾದ ನಮ್ಮ ದೇಹದ್ದೇ ಆಂಟಿಬಾಡಿ ತಿರುಗಿಬೀಳುತ್ತೆ. ಜೀವಕೋಶಗಳು ಬಿಟ್ಕೊಂಡು ಗುಳ್ಳೆ ಏಳುತ್ತೆ, ಎದ್ದ ಸ್ವಲ್ಪ ಹೊತ್ತಿಗೇ ಒಡೆದೋಗುತ್ತೆ, ಅದಕ್ಕೇ ನಾವ್ಯಾರೂ ಗುಳ್ಳೆ ನೋಡೇ ಇಲ್ಲ, ಬರೀ ಹಸಿ ಗಾಯ. ತುಂಬಾ ಜನಕ್ಕೆ ಮೊದ್ಲು ಬಾಯಲ್ಲೇ ಶುರುವಾಗಿ ತಿಂಗಳುಗಟ್ಟಲೆ ಆದ್ಮೇಲೆ ಮೈಮೇಲೆ ಬರುತ್ತಂತೆ.

ಹಿಂದೆ ತೋರ್ಸಿದ ಡಾಕ್ಟ್ರು ಬಾಯೊಳಗೆ ಟಾರ್ಚ್ ಕೂಡ ಬಿಡದೆ ಉಷ್ಣ ಅಂದು ಬಿ ಕಾಂಪ್ಲೆಕ್ಸ್ ಬರೆದಿದ್ರು. ನೆಂಟರದ್ದು ಎಳನೀರು, ಗಸಗಸೆ ಪಾಯಸ. ಮಾವಂದಂತೂ ಸಾರಲ್ಲಿ ಖಾರ ಇಲ್ಲ ಅಂತ ದಿನಾ ಗೊಣಗಾಟ, ಖಾರ ತಗುಲಿದ್ರೆ ಕಣ್ಣಲ್ಲಿ ನೀರು ಬರೋರು ಸಾರಿನ ರುಚಿ ಹೆಂಗೆ ನೋಡ್ಬೇಕು ಹೇಳಿ? ಅತ್ತೆ ತಟ್ಟೇಲಿ ಬರೀ ಮೊಸರನ್ನ ಇರ್ತಿತ್ತು, ಕೇಳಿದ್ರೆ "ನಂಗೇನಾಗಿದೆ, ಚೆನ್ನಾಗೇ ಇದೀನಲ್ಲ" ಅನ್ನೋರು. ಮನೆ ಹೆಂಗಸರು ಈ ಮಾತು ಹೇಳಿದ್ರೆ ಯಾಕೆ ಎಲ್ಲರೂ ಅಷ್ಟು ಬೇಗ ನಂಬ್ತಾರೋ. ನಮ್ಮಮ್ಮನೂ ಹಿಂಗೇ, ಮಂಡಿ ಹಿಡ್ಕೊಂಡೇ ಚೆನ್ನಾಗಿದೀನಿ ಅಂತಾಳೆ.

ಈಗ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡು, ಜೊತೆಗೆ ದೇಹದ ರೋಗನಿರೋಧಕ ಶಕ್ತಿ ತಗ್ಗಿಸೋ ಅಜಥಯೋಪ್ರಿನ್. ವಾಸಿಯಾಯ್ತು ಅಂತ ತಾವಾಗೇ ನಿಲ್ಲಿಸೋಹಂಗಿಲ್ಲ, ಡಾಕ್ಟ್ರೇ ನಿಧಾನಕ್ಕೆ ಇಳಿಸ್ಬೇಕು. ಶುಗರ್, ಬಿಪಿ, ಬ್ಲಡ್ ಟೆಸ್ಟ್ ಆಗಾಗ ಮಾಡಿಸ್ಬೇಕು, ಸ್ಟೀರಾಯ್ಡಿಗೆ ಬಾಯಲ್ಲಿ ಫಂಗಸ್ ಬೇರೆ ಬರಬಹುದು. ಹಿಡಿತಕ್ಕೆ ಬರ್ಲಿಲ್ಲ ಅಂದ್ರೆ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಇದೆಯಂತೆ, ರೇಟ್ ಕೇಳಿ ಮಾವ ಸುಮ್ನಾದ್ರು.

ಇಷ್ಟರ ಮಧ್ಯೆ ನಾದಿನಿ ಬಂದು ಅತ್ತೆ ಲೋಟ ಬೇರೆ ಇಟ್ಟಿದಾಳೆ. ಅಂಟೋ ಕಾಯಿಲೆ ಅಲ್ಲ ಕಣೇ ಅಂದ್ರೆ "ಎಂಥದಕ್ಕೂ ಇರ್ಲಿ ಅತ್ತಿಗೆ" ಅಂತೆ. ನಾನು ಆ ಲೋಟದಲ್ಲೇ ಕಾಫಿ ಕುಡ್ದೆ, ಅವಳೆದುರಿಗೇ.