ಕಳ್ಳ ಪ್ರತಿಗೆ ನಾನೇ ಪ್ರೂಫ್ ನೋಡಿಕೊಟ್ಟೆ

ನಮ್ಮ ವ್ಯಾಕರಣ ಗೈಡನ್ನು ಬೇರೆ ಊರಿನ ಪ್ರಕಾಶಕರೊಬ್ಬರು ಕದ್ದು ಅಚ್ಚು ಹಾಕಿದ್ದರು. ಟೇಬಲ್, ಹೆಡಿಂಗ್, ಮಾರ್ಜಿನ್ ಎಲ್ಲ ನಾನು ಮಾಡಿದ್ದೇ. ಅವರು ಫೈಲ್ ಕನ್ವರ್ಟ್ ಮಾಡುವಾಗ ಅರ್ಕಾವೊತ್ತುಗಳು ಎಗರಿಹೋಗಿದ್ದವು, ಒತ್ತಕ್ಷರಗಳು ಕೆಳಗಿನ ಸಾಲಿನ ತಲೆ ಮೇಲೆ ಹತ್ತಿದ್ದವು. ಸಿಟ್ಟು ಬಂತು. ಪುಟ, ಸಾಲು ಸಮೇತ ತಪ್ಪುಗಳ ಪಟ್ಟಿ ಮಾಡಿ, ಇದನ್ನು ಕೊಂಡು ಮೋಸ ಹೋಗಬೇಡಿ ಅಂತ ಅಂಗಡಿಗಳಿಗೆಲ್ಲ ಕಳಿಸಿದೆ. ಮ್ಯಾನೇಜರ್ ಓದದೇ ಓಕೆ ಅಂದರು. ಅವರು ಯಾವುದನ್ನೂ ಓದುವುದಿಲ್ಲ, ಅದು ಬೇರೆ ಮಾತು.

ನಮ್ಮ ಹಿರಿಯ ಪ್ರೂಫ್ ರೀಡರ್ ಮಾತ್ರ ಪಟ್ಟಿ ನೋಡಿ ನಕ್ಕರು. "ವೆನಿಸ್‌ನ ಆಲ್ಡಸ್ ಮನೂಷಿಯಸ್ ಕಥೆ ಗೊತ್ತಾ?"

ಅರ್ಧ ಗೊತ್ತಿತ್ತು. 1501ರಲ್ಲಿ ರೋಮನ್ ಕವಿ ವರ್ಜಿಲ್‌ನ ಕಾವ್ಯವನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕ ಮಾಡಿ, ಇಟ್ಯಾಲಿಕ್‌ನಲ್ಲೇ, ಅಂದರೆ ಓರೆ ಅಕ್ಷರದಲ್ಲೇ, ಅಚ್ಚು ಹಾಕಿದ ಮುದ್ರಕ. ಅಕ್ಷರ ಕೊರೆದದ್ದು ಫ್ರಾನ್ಸೆಸ್ಕೊ ಗ್ರಿಫೊ. ನಾವೀಗ ಬಟನ್ ಒತ್ತಿ ಕನ್ನಡವನ್ನು ಸುಮ್ನೆ ಓರೆ ಮಾಡುತ್ತೇವಲ್ಲ, ಹಾಗಲ್ಲ; ಅಂದಿನ ವಿದ್ವಾಂಸರ ಕೈಬರಹದ ಮಾದರಿಯಲ್ಲಿ ಒಂದೊಂದನ್ನೂ ಕೊರೆದದ್ದು. ಕ್ಯಾಪಿಟಲ್ ಅಕ್ಷರಗಳು ಮಾತ್ರ ನೆಟ್ಟಗೇ ಇದ್ದವು. 1502ರಲ್ಲಿ ವೆನಿಸ್‌ನ ಸೆನೆಟ್ ಆ ಅಕ್ಷರದ ಹಕ್ಕನ್ನು ಆಲ್ಡಸ್‌ಗೆ ಕೊಟ್ಟಿತು, ಕೊರೆದವನಿಗಲ್ಲ. ಗ್ರಿಫೊ ಬಿಟ್ಟು ಹೋದ. ಆದರೂ ವರ್ಜಿಲ್ ಪುಸ್ತಕದಲ್ಲಿ ಆಲ್ಡಸ್ ಅವನನ್ನು ಹೊಗಳಿ ಪದ್ಯ ಹಾಕಿದ್ದ. ನಮ್ಮಲ್ಲಿ ಡಿಸೈನರ್ ಹೆಸರೇ ಹಾಕುವುದಿಲ್ಲ.

ಉಳಿದರ್ಧ ಅವರು ಹೇಳಿದರು. ವೆನಿಸ್‌ನ ಹಕ್ಕು ಫ್ರಾನ್ಸಿನ ಲಿಯೋನ್‌ನಲ್ಲಿ ನಡೆಯುತ್ತದಾ? ಅಲ್ಲಿನವರು ಹೆಸರು, ಊರು ಹಾಕದೆ ನಕಲು ಹೊಡೆದರು. 1503ರ ಮಾರ್ಚ್‌ನಲ್ಲಿ ಆಲ್ಡಸ್ ಒಂದು ಎಚ್ಚರಿಕೆಯ ಹಾಳೆ ಅಚ್ಚು ಹಾಕಿದ: ಅವರ ಕಾಗದ ಕೆಟ್ಟದ್ದು, ನಾತ ಬೇರೆ, ಇಂಥಿಂಥ ಕಡೆ ಇಂಥಿಂಥ ತಪ್ಪು. ಲಿಯೋನ್‌ನವರು ಅದೇ ಪಟ್ಟಿ ಇಟ್ಟುಕೊಂಡು ತಪ್ಪು ತಿದ್ದಿಕೊಂಡರು.

ಈ ಕಾಲದಲ್ಲಿ ಅಷ್ಟು ತಾಳ್ಮೆ ಯಾರಿಗಿದೆ ಸಾರ್ ಅಂದೆ.

ನಮ್ಮ ಗೈಡ್ ಕದ್ದವರ ಎರಡನೇ ಮುದ್ರಣ ಬಂತು. ಅಂಗಡಿಯಲ್ಲಿ ನಿಂತು ಮೊಬೈಲ್‌ನಲ್ಲಿ ಪಟ್ಟಿ ತೆಗೆದು ತಾಳೆ ನೋಡಿದೆ. ಮೊದಲನೆಯದು ಸರಿ ಮಾಡಿದ್ದಾರೆ. ಎರಡನೆಯದೂ. ಪಕ್ಕದಲ್ಲಿ ಮ್ಯಾನೇಜರ್ "ಏನಾಯ್ತು, ಏನಾಯ್ತು" ಅಂತ ಇದ್ದಾರೆ, ನಾನು ಒಂದಾದರೂ ಉಳಿದಿರಲಪ್ಪಾ ಅಂತ ಪುಟ ತಿರುವುತ್ತಲೇ ಇದ್ದೇನೆ, ಅಂಗಡಿಯವನು ಕೊಳ್ತೀರಾ ಇಲ್ವಾ ಅಂತ ನೋಡುತ್ತಿದ್ದಾನೆ. ಒಂದೂ ಉಳಿದಿರಲಿಲ್ಲ. ಗುಣಸಂಧಿಯ ಕೆಳಗೆ ಸೇರಿಕೊಂಡಿದ್ದ ಸವರ್ಣದೀರ್ಘದ ಉದಾಹರಣೆಯನ್ನೂ ಸರಿಯಾದ ಜಾಗಕ್ಕೆ ಹಾಕಿದ್ದರು. ಅದು ಅವರು ಮಾಡಿದ ತಪ್ಪೇ ಅಲ್ಲ, ನಮ್ಮ ಪುಸ್ತಕದಲ್ಲೇ ಇದ್ದದ್ದು! ಸಿಟ್ಟಿನಲ್ಲಿ ನಮ್ಮ ಪ್ರತಿ ತೆಗೆದು ನೋಡದೆ ಪಟ್ಟಿಗೆ ಸೇರಿಸಿದ್ದೆ.

ಇಂಥ ಪಟ್ಟಿ ಮಾಡಿದರೆ ವಕೀಲರಿಗೆ ಕೊಡಿ, ಅಂಗಡಿಗಲ್ಲ. ಅಷ್ಟೇ ಹೇಳಬಲ್ಲೆ. ಈಗ ಅವರ ಗೈಡ್ ನಮ್ಮದಕ್ಕಿಂತ ಸರಿಯಾಗಿದೆ, ಬೆಲೆಯೂ ಕಮ್ಮಿ. ನಮ್ಮ ಫೈಲ್ ತಿದ್ದಿ ಇಟ್ಟಿದ್ದೇನೆ. ಆದರೆ ಗೋಡೌನ್ ಸ್ಟಾಕ್ ಖಾಲಿಯಾಗದೆ ಅಚ್ಚಿಗೆ ಹೊಸ ಪ್ಲೇಟ್ ಇಲ್ಲವಂತೆ.